ಹುಡಿನಿ ಕಥೆಯಿಂದ ಮಾಯವಾದ ಹಗ್ಗ

ಈ ಸಲದ ಎಪಿಸೋಡನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕಳೆದ ವರ್ಷ ನಾನು ನಲವತ್ತು ಸೆಕೆಂಡಿನ ಒಂದು ರೀಲ್ ಮಾಡಿದ್ದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. ಕಥೆ ಹೀಗಿತ್ತು. 1906ರ ಚಳಿಗಾಲ, ಅಮೆರಿಕದ ಡೆಟ್ರಾಯಿಟ್ ನಗರ. ನದಿ ಪೂರ್ತಿ ಹೆಪ್ಪುಗಟ್ಟಿದೆ. ಮಂಜುಗಡ್ಡೆಯಲ್ಲಿ ಒಂದು ತೂತು ಕೊರೆದಿದ್ದಾರೆ. ಕೈಗೆ ಕೋಳ ಹಾಕಿಸಿಕೊಂಡ ಒಬ್ಬ ಮನುಷ್ಯ ಸೇತುವೆ ಮೇಲಿಂದ ನೇರ ಆ ತೂತಿಗೆ ಧುಮುಕ್ತಾನೆ. ಎರಡು ನಿಮಿಷ ಆಯ್ತು, ನಾಲ್ಕು ಆಯ್ತು, ಆಸಾಮಿಯ ಪತ್ತೆಯೇ ಇಲ್ಲ. ನೀರಿನ ಸೆಳೆತ ಅವನನ್ನು ತೂತಿನಿಂದ ದೂರ ಎಳೆದುಕೊಂಡು ಹೋಗಿದೆ. ನೀರಿಗೂ ಮಂಜುಗಡ್ಡೆಗೂ ನಡುವೆ ಸಿಕ್ಕಿದಷ್ಟು ಗಾಳಿ ಕುಡಿಯುತ್ತಾ, ಕತ್ತಲಲ್ಲಿ ತಡಕಾಡುತ್ತಾ, ಕೊನೆಗೆ ಎಂಟು ನಿಮಿಷದ ಮೇಲೆ ಅದೇ ತೂತಿನಿಂದ ತಲೆ ಹೊರಗೆ ಹಾಕ್ತಾನೆ. ಹಿನ್ನೆಲೆಯಲ್ಲಿ ಡ್ರಮ್ ಸೌಂಡು. ಹ್ಯಾರಿ ಹುಡಿನಿ!

ನಾನು ಇಲ್ಲಿಯವರೆಗೆ ಮಾಡಿದ್ದರಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ನಮ್ಮಮ್ಮ ಕೂಡ ನೋಡಿ, "ಅಯ್ಯೋ, ಅವನ ತಾಯಿ ಅಲ್ಲಿ ಇರ್ಲಿಲ್ವೇನೇ? ನೋಡಿದ್ರೆ ಎದೆ ಒಡೆದು ಹೋಗ್ತಿತ್ತು" ಅಂದ್ರು.

ವಿಷಯ ಏನಂದ್ರೆ, ಆ ಕಥೆ ಸುಳ್ಳು.

ಹಾರಿದ್ದು ನಿಜ. 1906ರ ನವೆಂಬರ್ 27ರಂದು ಹುಡಿನಿ ಡೆಟ್ರಾಯಿಟ್‌ನ ಬೆಲ್ ಐಲ್ ಸೇತುವೆಯಿಂದ ಕೈಕೋಳ ಹಾಕಿಕೊಂಡು ನದಿಗೆ ಹಾರಿದ್ದ, ಕೋಳ ಬಿಚ್ಚಿಕೊಂಡು ಮೇಲೆ ಬಂದಿದ್ದ. ಆದರೆ ನದಿ ಹೆಪ್ಪುಗಟ್ಟಿರಲಿಲ್ಲ. ಮಂಜುಗಡ್ಡೆ ಇಲ್ಲ ಅಂದಮೇಲೆ ತೂತು ಎಲ್ಲಿಂದ ಬರಬೇಕು? ಆಗಿನ ಸ್ಥಳೀಯ ಪತ್ರಿಕೆಯ ವರದಿಯಲ್ಲಿ ಇನ್ನೊಂದು ವಿವರ ಇದೆ. ಅದು ನನ್ನ ರೀಲ್‌ನಲ್ಲಿ ಇರಲಿಲ್ಲ. ಹಾರುವಾಗ ಹುಡಿನಿಯ ಮೈಗೆ ಒಂದು ಹಗ್ಗ ಕಟ್ಟಿತ್ತು. ಏನಾದರೂ ಎಡವಟ್ಟಾದರೆ ಮೇಲೆ ಎಳೆದುಕೊಳ್ಳಲು ಜೀವರಕ್ಷಕ ಹಗ್ಗ.

ಹಾಗಾದರೆ ಮಂಜುಗಡ್ಡೆಯ ಕಥೆ ಹುಟ್ಟಿಸಿದ್ದು ಯಾರು? ಸ್ವತಃ ಹುಡಿನಿ. ವರ್ಷಗಳು ಕಳೆದಂತೆ ಅವನು ಆ ಕಥೆಗೆ ಮಂಜು ಸೇರಿಸಿದ, ಕತ್ತಲು ಸೇರಿಸಿದ, ನಿಮಿಷಗಳನ್ನು ಸೇರಿಸಿದ. 1953ರಲ್ಲಿ ಟೋನಿ ಕರ್ಟಿಸ್ ನಟಿಸಿದ 'ಹುಡಿನಿ' ಸಿನಿಮಾ ಬಂತು, ಅದರಲ್ಲೂ ಮಂಜುಗಡ್ಡೆಯ ದೃಶ್ಯ ಇದೆ. ಅಲ್ಲಿಂದ ಕಥೆ ಪೂರ್ತಿ ಗಟ್ಟಿಯಾಯ್ತು. ಹೀಗೆ ಕಥೆಯೊಳಗೆ ಮಂಜುಗಡ್ಡೆ ಬಂತು, ಹಗ್ಗ ಮಾಯವಾಯ್ತು.

ಇವತ್ತಿನ ಎಪಿಸೋಡ್ ಆ ಹಗ್ಗದ ಬಗ್ಗೆ. ಅದು ಯಾಕೆ ಇತ್ತು, ಯಾಕೆ ಮಾಯವಾಯ್ತು, ಅದು ಮಾಯವಾದದ್ದರಿಂದ ಯಾರಿಗೆ ಏನಾಯ್ತು.

ಮೊದಲು ಮನುಷ್ಯನ ಪರಿಚಯ. ಹುಟ್ಟಿದ ಹೆಸರು ಎರಿಕ್ ವೈಸ್. 1874ರಲ್ಲಿ ಬುಡಾಪೆಸ್ಟ್‌ನ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದ. ನಾಲ್ಕು ವರ್ಷದ ಮಗುವಾಗಿದ್ದಾಗ ಅಮೆರಿಕಕ್ಕೆ ಬಂದ. ಅಪ್ಪ ಧರ್ಮಗುರು, ಮನೆಯಲ್ಲಿ ಬಡತನ. ನ್ಯೂಯಾರ್ಕ್‌ನಲ್ಲಿ ಹುಡುಗ ಟೈ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿದ. ಫ್ರಾನ್ಸ್‌ನ ಪ್ರಸಿದ್ಧ ಜಾದೂಗಾರ ರಾಬರ್ಟ್ ಹುಡಿನ್ ಹೆಸರಿಗೆ ಒಂದು ಇಕಾರ ಸೇರಿಸಿಕೊಂಡು ಹುಡಿನಿ ಆದ. ಹೆಂಡತಿ ಬೆಸ್ ಜೊತೆ ಊರೂರು ತಿರುಗಿ, ಹತ್ತು ಸೆಂಟ್ ಟಿಕೆಟ್ಟಿನ ಚಿಕ್ಕ ಚಿಕ್ಕ ಶೋಗಳಲ್ಲಿ, ದಿನಕ್ಕೆ ಹತ್ತಾರು ಸಲ ಅದೇ ಜಾದೂ ಮಾಡುತ್ತಿದ್ದ. ಇಪ್ಪತ್ತೈದು ವರ್ಷ ಆದ್ರೂ ಕೈಗೆ ಹೇಳಿಕೊಳ್ಳುವಂಥ ಕಾಸು ಹತ್ತಿರಲಿಲ್ಲ.

1899ರಲ್ಲಿ ಮಾರ್ಟಿನ್ ಬೆಕ್ ಅನ್ನುವವನ ಕಣ್ಣಿಗೆ ಬಿದ್ದ. ಬೆಕ್ ಆಗ ಆರ್ಫಿಯಂ ಅನ್ನುವ ವಾಡ್‌ವಿಲ್ ಸರ್ಕ್ಯೂಟ್ ನಡೆಸುತ್ತಿದ್ದ. ಈ ವಾಡ್‌ವಿಲ್ ಅಂದ್ರೆ ಏನು ಅಂತ ಒಂದು ನಿಮಿಷ ಹೇಳಿಬಿಡ್ತೀನಿ. 1880ರ ದಶಕದಿಂದ 1930ರ ದಶಕದ ಆರಂಭದವರೆಗೆ ಅಮೆರಿಕದ ಜನಸಾಮಾನ್ಯರ ಮುಖ್ಯ ಮನರಂಜನೆ ಅದು. ಒಂದು ಟಿಕೆಟ್, ಎಂಟು ಹತ್ತು ಐಟಂ. ಒಬ್ಬಳು ಹಾಡ್ತಾಳೆ, ಇಬ್ಬರು ಕಾಮಿಡಿ ಮಾಡ್ತಾರೆ, ಒಬ್ಬ ನಾಯಿಗಳನ್ನು ಕುಣಿಸ್ತಾನೆ, ಒಬ್ಬ ಲಗಾಟಿ ಹೊಡೀತಾನೆ. ಒಂದೊಂದಕ್ಕೂ ಕೆಲವೇ ನಿಮಿಷ. ಬೇಜಾರಾದರೆ ಚಿಂತೆ ಇಲ್ಲ, ಮುಂದಿನದು ಬಂದೇ ಬರುತ್ತೆ. ಸ್ಕ್ರೋಲ್ ಮಾಡೋದು ಮಾತ್ರ ನಿಮ್ಮ ಕೈಯಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ದೇಶದ ಉದ್ದಗಲಕ್ಕೂ ಥಿಯೇಟರ್‌ಗಳ ಸರಪಳಿ ಇತ್ತು. ಒಂದು ಸರಪಳಿಗೆ ಸೇರಿಕೊಂಡರೆ ಊರಿಂದ ಊರಿಗೆ ತಿಂಗಳುಗಟ್ಟಲೆ ಕೆಲಸ ಗ್ಯಾರಂಟಿ.

ಬೆಕ್ ಟೆಲಿಗ್ರಾಂ ಕಳಿಸಿದ: ಮಾರ್ಚ್ 26ಕ್ಕೆ ಒಮಾಹಾದಲ್ಲಿ ಶುರು ಮಾಡು, 60 ಡಾಲರ್ ಕೊಡ್ತೀನಿ. ಹಾಗೇ ಒಂದು ಸಲಹೆಯನ್ನೂ ಕೊಟ್ಟ. ಆ ಸಣ್ಣಪುಟ್ಟ ಜಾದೂ ಎಲ್ಲಾ ಬಿಡು, ಕೋಳ ಬಿಚ್ಚಿಕೊಳ್ಳುವುದು ಇದೆಯಲ್ಲ, ಅದನ್ನೇ ಹಿಡಿ.

ಇಲ್ಲಿಂದ ನನ್ನೊಳಗಿನ ಬಿ.ಕಾಂ ಎದ್ದು ಕೂರ್ತಾಳೆ. ಯಾಕಂದ್ರೆ ಇಲ್ಲಿಂದ ಹುಡಿನಿ ಮಾಡಿದ್ದು ಜಾದೂವಿನಷ್ಟೇ ಮಾರ್ಕೆಟಿಂಗ್ ಕೂಡ ಹೌದು.

ಪ್ಲ್ಯಾನ್ ಬಹಳ ಸರಳ. ಒಂದು ಊರಿಗೆ ಹೋದ ತಕ್ಷಣ ಥಿಯೇಟರ್‌ಗಿಂತ ಮೊದಲು ಪೊಲೀಸ್ ಠಾಣೆಗೆ ಹೋಗುವುದು. ಜೊತೆಗೆ ವರದಿಗಾರರು. "ನನಗೆ ನಿಮ್ಮ ಕೋಳ ಹಾಕಿ, ನಿಮ್ಮ ಲಾಕಪ್‌ನಲ್ಲಿ ಕೂಡಿಹಾಕಿ." ಬಟ್ಟೆ ಬಿಚ್ಚಿಸಿ ಹುಡುಕಿ, ಬೀಗ ಹಾಕ್ತಾರೆ. ಸ್ವಲ್ಪ ಹೊತ್ತಿಗೆ ಹುಡಿನಿ ನಗುತ್ತಾ ಹೊರಗೆ ಬರ್ತಾನೆ. 1906ರ ಜನವರಿಯಲ್ಲಿ ವಾಷಿಂಗ್ಟನ್ ಜೈಲಿನಲ್ಲಿ, ಹಿಂದೆ ಅಧ್ಯಕ್ಷ ಗಾರ್ಫೀಲ್ಡ್ ಅವರನ್ನು ಕೊಂದವನನ್ನು ಇಟ್ಟಿದ್ದ ಸೆಲ್‌ನಲ್ಲೇ ಅವನನ್ನು ಕೂಡಿಹಾಕಿದರು. ಅವನು ಹೊರಗೆ ಬಂದಿದ್ದಷ್ಟೇ ಅಲ್ಲ, ಬರುವ ದಾರಿಯಲ್ಲಿ ಬೇರೆ ಸೆಲ್‌ಗಳ ಕೈದಿಗಳನ್ನೂ ಅದಲುಬದಲು ಮಾಡಿಟ್ಟು ಬಂದ. ಯಾವ ಪತ್ರಿಕೆ ತಾನೇ ಇದನ್ನು ಬಿಟ್ಟೀತು?

ಈಗ ಲೆಕ್ಕ ಹಾಕಿ. ಪತ್ರಿಕೆಯಲ್ಲಿ ಅಷ್ಟು ದೊಡ್ಡ ಜಾಹೀರಾತು ಕೊಡಬೇಕು ಅಂದ್ರೆ ಎಷ್ಟು ಖರ್ಚು? ಹುಡಿನಿಗೆ ಆದ ಖರ್ಚು ಸೊನ್ನೆ. ಸುದ್ದಿ ಓದಿದ ಜನ ಸಂಜೆ ದುಡ್ಡು ಕೊಟ್ಟು ಥಿಯೇಟರ್‌ಗೆ ಬರ್ತಾರೆ. ಬೀದಿಯಲ್ಲಿ ಪುಕ್ಕಟೆ, ಒಳಗೆ ಟಿಕೆಟ್. ನಾವೀಗ 'ಫ್ರೀ ಸ್ಯಾಂಪಲ್' ಅಂತೀವಲ್ಲ, ಅದೇ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ ಊರಿನ ವ್ಯಾಪಾರಿಗಳನ್ನೂ ಇದರೊಳಗೆ ಎಳೆದ. ಪೆಟ್ಟಿಗೆ ಮಾಡುವವರು ಗಟ್ಟಿ ಪೆಟ್ಟಿಗೆ ಮಾಡಿ ಸವಾಲು ಹಾಕಲಿ. ಕಾಗದದವರು ದೈತ್ಯ ಕಾಗದದ ಚೀಲ ತರಲಿ, ಹರಿಯದೆ ಹೊರಬರ್ತೀನಿ. ಅಂಚೆ ಚೀಲ, ಶವಪೆಟ್ಟಿಗೆ, ಕಬ್ಬಿಣದ ಬಾಯ್ಲರ್, ಆಳೆತ್ತರದ ಫುಟ್‌ಬಾಲ್, ಯಾವುದನ್ನೂ ಬಿಡಲಿಲ್ಲ. ಸವಾಲು ಹಾಕಿದವರಿಗೆ ಊರ ತುಂಬಾ ಹೆಸರು, ಹುಡಿನಿಗೆ ಪ್ರತಿ ಊರಲ್ಲೂ ಹೊಸ ಕಥೆ.

ಲಂಡನ್‌ನಲ್ಲಿ 1904ರ ಮಾರ್ಚ್ 17ರಂದು 'ಡೈಲಿ ಮಿರರ್' ಪತ್ರಿಕೆ ಒಂದು ವಿಶೇಷ ಕೋಳ ತಂದಿತು. ಬರ್ಮಿಂಗ್‌ಹ್ಯಾಂನ ಬೀಗದ ಕಮ್ಮಾರನೊಬ್ಬ ಐದು ವರ್ಷ ಕೂತು ಮಾಡಿದ ಕೋಳ ಅಂತ ಪ್ರಚಾರ. ಹಿಪ್ಪೊಡ್ರೋಮ್ ಥಿಯೇಟರ್‌ನಲ್ಲಿ ಸುಮಾರು 4,000 ಜನ. ಹುಡಿನಿ ವೇದಿಕೆಯ ಮೇಲಿದ್ದ ಪರದೆಯ ಪುಟ್ಟ ಗೂಡಿನೊಳಗೆ ಹೋದ. ಬಿಚ್ಚಲು ತಗೊಂಡ ಸಮಯ ಒಂದು ಗಂಟೆ ಹತ್ತು ನಿಮಿಷ. ಗೆಳೆಯರೇ, ಅಷ್ಟು ಹೊತ್ತು ಜನ ನೋಡಿದ್ದು ಏನನ್ನು? ಒಂದು ಪರದೆಯನ್ನು! ನಡುವೆ ಒಮ್ಮೆ ಅವನು ಹೊರಗೆ ಬಂದು, ಸೆಕೆ, ಕೋಟು ತೆಗೆಯಬೇಕು, ಕೋಳ ಒಂದು ನಿಮಿಷ ಬಿಚ್ಚಿ ಅಂತ ಕೇಳಿದ. ಪತ್ರಿಕೆಯವರು ಒಪ್ಪಲಿಲ್ಲ. ಆಗ ಹೇಗೋ ಜೇಬಿನಿಂದ ಚಿಕ್ಕ ಚಾಕು ತೆಗೆದು, ಹಲ್ಲಿನಲ್ಲಿ ಬಿಡಿಸಿ, ಮೈಮೇಲಿದ್ದ ಕೋಟನ್ನು ತುಂಡು ತುಂಡಾಗಿ ಕೊಯ್ದು ಎಸೆದ. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಇದು ಪತ್ರಿಕೆಯೂ ಹುಡಿನಿಯೂ ಸೇರಿ ಆಡಿದ ನಾಟಕವಾ, ನಿಜವಾದ ಸವಾಲಾ ಅಂತ ಜಾದೂ ಲೋಕದಲ್ಲಿ ಇವತ್ತಿಗೂ ವಾದ ನಡೀತಾ ಇದೆ. ನನಗೆ ಮುಖ್ಯ ಅನಿಸೋದು ಬೇರೆ. ಬಿಚ್ಚಿದ್ದಕ್ಕಷ್ಟೇ ಜನ ಕುಣಿಯಲಿಲ್ಲ. ಬಿಚ್ಚಲಾರದೆ ಹೋಗಬಹುದು ಅನ್ನುವ ಆ ಎಪ್ಪತ್ತು ನಿಮಿಷಕ್ಕೂ ಕುಣಿದರು. ಹುಡಿನಿ ಮಾರುತ್ತಿದ್ದ ಸರಕು ಗೆಲುವಲ್ಲ, ಸೋಲಬಹುದು ಅನ್ನುವ ಆತಂಕ.

ಕೋಳ ಬಿಚ್ಚುವ ನಕಲಿ ಹುಡಿನಿಗಳು ಹೆಚ್ಚಾದಂತೆ ಆತಂಕದ ಡೋಸ್ ಏರಿಸಬೇಕಾಯ್ತು. ಅದಕ್ಕೇ ಸೇತುವೆ, ನದಿ, ನೀರು. 1908ರ ಜನವರಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ನೀರು ತುಂಬಿದ ದೊಡ್ಡ ಹಾಲಿನ ಕ್ಯಾನ್‌ನೊಳಗೆ ಇಳಿದು, ಮೇಲೆ ಬೀಗ ಹಾಕಿಸಿಕೊಂಡು ಹೊರಬರುವ ಆಟ ಶುರು ಮಾಡಿದ. ಇಲ್ಲಿ ಅವನ ಬುದ್ಧಿ ನೋಡಿ: ಮೊದಲು ಪ್ರೇಕ್ಷಕರಿಗೆ, ನೀವೂ ನನ್ನ ಜೊತೆ ಉಸಿರು ಹಿಡಿಯಿರಿ ಅನ್ನುತ್ತಿದ್ದ. ಒಂದು ನಿಮಿಷಕ್ಕೆಲ್ಲಾ ಹಾಲ್ ತುಂಬಾ ಜನ ಏದುಸಿರು ಬಿಡ್ತಾ ಸೋಲೊಪ್ಪಿಕೊಳ್ತಿದ್ದರು. ಅವನು ಇನ್ನೂ ನೀರೊಳಗೆ. ಆಮೇಲೆ ನಿಜವಾಗಿ ಮುಚ್ಚಳ ಹಾಕಿದಾಗ, ಪ್ರತಿಯೊಬ್ಬರಿಗೂ ಅವನ ಸಂಕಟ ತಮ್ಮ ಎದೆಯಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಬಂದದ್ದು ಎಲ್ಲಕ್ಕಿಂತ ದೊಡ್ಡ ಬೀದಿ ಪ್ರದರ್ಶನ. ಸ್ಟ್ರೈಟ್‌ಜಾಕೆಟ್ ಗೊತ್ತಲ್ಲ? ಆಗಿನ ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳ ಕೈಯನ್ನು ಎದೆಗೆ ಅಡ್ಡ ಮಡಚಿ, ಬೆನ್ನ ಹಿಂದೆ ಬೆಲ್ಟ್ ಬಿಗಿಯುತ್ತಿದ್ದ ದಪ್ಪ ಕ್ಯಾನ್ವಾಸ್ ಅಂಗಿ. ಮೊದಮೊದಲು ಹುಡಿನಿ ಅದನ್ನು ಪರದೆಯ ಹಿಂದೆ ಬಿಚ್ಚುತ್ತಿದ್ದ. ಜನಕ್ಕೆ ನಂಬಿಕೆ ಬರಲಿಲ್ಲ, ಒಳಗೆ ಯಾರೋ ಸಹಾಯ ಮಾಡ್ತಾರೆ ಅಂದ್ರು. ಹುಡಿನಿಯ ತಮ್ಮ, ಹಾರ್ಡೀನ್ ಅನ್ನುವ ಹೆಸರಲ್ಲಿ ಅದೇ ಆಟ ಆಡುತ್ತಿದ್ದವನು, ಪರದೆ ತೆಗೆದುಹಾಕಿ ಎಲ್ಲರ ಕಣ್ಣೆದುರು ಒದ್ದಾಡಿ ಬಿಚ್ಚಿದ. ಚಪ್ಪಾಳೆಯೋ ಚಪ್ಪಾಳೆ. ಅಣ್ಣ ಪಾಠ ಕಲಿತ.

1915ರ ಹೊತ್ತಿಗೆ ಹುಡಿನಿ ಈ ಅಂಗಿ ಹಾಕಿಕೊಂಡು, ಕಾಲು ಕಟ್ಟಿಸಿಕೊಂಡು, ನಗರದ ನಡುವೆ ಎತ್ತರದ ಕಟ್ಟಡದಿಂದ ತಲೆಕೆಳಗಾಗಿ ನೇತಾಡಲು ಶುರು ಮಾಡಿದ. ಯಾವ ಕಟ್ಟಡ? ಬಹಳ ಊರುಗಳಲ್ಲಿ ಅದು ಪತ್ರಿಕೆಯ ಕಚೇರಿ! 1916ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 'ಸನ್' ಪತ್ರಿಕೆಯ ಕಟ್ಟಡದ ಕೆಳಗೆ 20,000 ಜನ ಸೇರಿದ್ದರು ಅಂತ ವರದಿ. ಜನ ಸೇರಿದ್ದು ತನ್ನ ಬಾಗಿಲ ಮುಂದೆ, ಲೆಕ್ಕ ಬರೆದದ್ದೂ ತಾನೇ. ಹಾಗಾಗಿ ಆ ಸಂಖ್ಯೆಯನ್ನು ಸ್ವಲ್ಪ ಉಪ್ಪು ಖಾರ ಕಳೆದು ಓದಿ. ಆದರೆ ಆ ದಿನಗಳ ಫೋಟೋಗಳನ್ನು ನೋಡಿದರೆ ಗೊತ್ತಾಗುತ್ತೆ: ರಸ್ತೆ ಕಾಣಲ್ಲ, ಬರೀ ಟೋಪಿಗಳು. ಎಲ್ಲರ ಮುಖವೂ ಮೇಲಕ್ಕೆ.

ಇದನ್ನು ಹೇಗೆ ಮಾಡುತ್ತಿದ್ದ? ಅಂಗಿ ಬಿಗಿಯುವಾಗಲೇ ಎದೆ ಉಬ್ಬಿಸಿ, ತೋಳಿನ ಬಟ್ಟೆಯನ್ನು ಸ್ವಲ್ಪ ಹಿಡಿದು, ಒಳಗೆ ಎರಡು ಬೆರಳು ಸಡಿಲ ಉಳಿಸಿಕೊಳ್ಳುವುದು. ಬಲವಾದ ಕೈ ಮೇಲೆ ಬರುವಂತೆ ನೋಡಿಕೊಳ್ಳುವುದು. ಆ ಸಡಿಲದಲ್ಲಿ ಮೊಣಕೈ ದೂಡಿ ದೂಡಿ, ಮಡಚಿದ ಕೈಯನ್ನು ತಲೆಯ ಮೇಲಿಂದ ದಾಟಿಸುವುದು. ಆಮೇಲೆ ತೋಳಿನ ಬಕಲ್ ಹಲ್ಲಿನಿಂದ, ಬೆನ್ನಿನ ಬಕಲ್ ಬಟ್ಟೆಯ ಮೇಲಿಂದಲೇ ಬೆರಳಿನಿಂದ. ಈ ಕಲೆ ಬಲ್ಲವರು ಹೇಳುವಂತೆ ತಲೆಕೆಳಗಾಗಿ ನೇತಾಡಿದರೆ ಕೈ ದಾಟಿಸುವ ಕೆಲಸಕ್ಕೆ ಭೂಮಿಯ ಸೆಳೆತವೂ ಒಂದಿಷ್ಟು ಸಹಾಯ ಮಾಡುತ್ತೆ. ಅಂದ್ರೆ ನೋಡುವವರಿಗೆ ಹತ್ತುಪಟ್ಟು ಭಯಂಕರ, ಮಾಡುವವನಿಗೆ ಹತ್ತುಪಟ್ಟು ಕಷ್ಟವೇನಲ್ಲ.

ಈ ಮಾತು ನೆನಪಿಡಿ. ಹುಡಿನಿಯ ಇಡೀ ವ್ಯಾಪಾರ ಇದರ ಮೇಲೆ ನಿಂತಿದೆ. ಕಾಣುವ ಅಪಾಯ ಒಂದು, ಇರುವ ಅಪಾಯ ಇನ್ನೊಂದು. ಮೊದಲನೆಯದನ್ನು ಎಷ್ಟು ಬೇಕಾದರೂ ಉಬ್ಬಿಸು, ಎರಡನೆಯದನ್ನು ಎಷ್ಟು ಸಾಧ್ಯವೋ ಅಷ್ಟು ಇಳಿಸು. ಎರಡರ ನಡುವಿನ ಅಂತರವೇ ಲಾಭ.

ಎರಡನೆಯದನ್ನು ಇಳಿಸಲು ಅವನು ಪಟ್ಟ ಪಾಡು ಯಾರಿಗೂ ಕಾಣುತ್ತಿರಲಿಲ್ಲ. ಮನೆಯಲ್ಲಿ ದೊಡ್ಡ ತೊಟ್ಟಿ ಕಟ್ಟಿಸಿ, ನೀರೊಳಗೆ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದ. ಚಳಿಗಾಲದ ಜಿಗಿತಕ್ಕೆ ಮೈ ಒಗ್ಗಲಿ ಅಂತ ಸ್ನಾನದ ನೀರಿಗೆ ಐಸ್ ಹಾಕಿಕೊಂಡು ಕೂರುತ್ತಿದ್ದ. ನೂರಾರು ಬೀಗಗಳ ಒಳಗನ್ನು ಬಿಚ್ಚಿ ನೋಡಿದ್ದ. ಆಗಿನ ಕೋಳಗಳಲ್ಲಿ ಒಂದು ಮಾದರಿಗೆ ಒಂದೇ ಕೀ ಇರುತ್ತಿತ್ತು, ಕೆಲವು ಇಂಗ್ಲಿಷ್ ಕೋಳಗಳು ಸರಿಯಾದ ಜಾಗಕ್ಕೆ ಒಂದು ಏಟು ಬಿದ್ದರೆ ಸಾಕು, ತೆರೆದುಕೊಳ್ಳುತ್ತಿದ್ದವು. ಇದನ್ನೆಲ್ಲಾ ಅವನೇ ಮುಂದೆ ಪುಸ್ತಕದಲ್ಲಿ ಬರೆದ. ಜೊತೆಗೆ ವರ್ಷಗಟ್ಟಲೆ ಬಿಡದೆ ಇದ್ದ ನಂಬಿಕಸ್ಥ ಸಹಾಯಕರು. ಹಾಲಿನ ಕ್ಯಾನ್ ಆಟದಲ್ಲಿ ಒಬ್ಬ ಸಹಾಯಕ ಕೈಯಲ್ಲಿ ಕೊಡಲಿ ಹಿಡಿದು ನಿಂತಿರುತ್ತಿದ್ದ. ಜನಕ್ಕೆ ಅದು ನಾಟಕದ ಒಂದು ಭಾಗ. ನಿಜಕ್ಕೂ ಅದು ಡೆಟ್ರಾಯಿಟ್ ಹಗ್ಗದ ತಮ್ಮ.

1912ರ ಜುಲೈ 7ರಂದು ನ್ಯೂಯಾರ್ಕ್‌ನ ಈಸ್ಟ್ ರಿವರ್‌ನಲ್ಲಿ ಕೈಕಾಲಿಗೆ ಕೋಳ, ಮೇಲೆ ಮೊಳೆ ಹೊಡೆದ ಮರದ ಪೆಟ್ಟಿಗೆ, ಅದಕ್ಕೆ 200 ಪೌಂಡ್ ಸೀಸದ ಭಾರ. ದಡದಲ್ಲಿ ಮಾಡಲು ಪೊಲೀಸರು ಬಿಡಲಿಲ್ಲ ಅಂತ ಟಗ್‌ಬೋಟ್ ಬಾಡಿಗೆಗೆ ತಗೊಂಡು, ವರದಿಗಾರರನ್ನೂ ಹತ್ತಿಸಿಕೊಂಡು ನೀರಿನ ನಡುವೆ ಹೋದ. ಪೆಟ್ಟಿಗೆ ನೀರಿಗಿಳಿದ 57 ಸೆಕೆಂಡಿಗೆ ಹೊರಗೆ! ಪೆಟ್ಟಿಗೆ ಮೇಲೆತ್ತಿದರೆ ಮೊಳೆ ಹಾಗೇ ಇದೆ, ಕೋಳ ಒಳಗೆ ಬಿದ್ದಿದೆ. ಆ 57 ಸೆಕೆಂಡ್‌ಗಳ ಹಿಂದೆ ಎಷ್ಟು ವರ್ಷಗಳ ತಯಾರಿ ಇತ್ತು ಅನ್ನೋದು ಆ ದೋಣಿಯಲ್ಲಿದ್ದ ಯಾರಿಗೂ ಕಾಣಲಿಲ್ಲ.

ಇಷ್ಟಾದರೂ ಲೆಕ್ಕ ತಪ್ಪುತ್ತಿತ್ತು. 1902ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ, ವ್ಯಾಯಾಮ ಶಾಲೆ ನಡೆಸುತ್ತಿದ್ದ ವಿಲಿಯಂ ಹೋಪ್ ಹಾಜ್‌ಸನ್ (ಮುಂದೆ ಇವನು ಹೆಸರಾಂತ ಲೇಖಕನಾದ) ತನ್ನದೇ ಕೋಳ, ಸರಪಳಿ ತಂದು ಹುಡಿನಿಯನ್ನು ಮುಲಾಜಿಲ್ಲದೆ ಬಿಗಿದ. ಬೀಗಗಳನ್ನು ಕೆಡಿಸಿದ್ದಾರೆ ಅಂತ ಹುಡಿನಿ ದೂರಿದ, ಆದರೂ ಆಟ ಬಿಡಲಿಲ್ಲ. ಸುಮಾರು ಎರಡು ಗಂಟೆ ಒದ್ದಾಡಿ ಹೊರಬಂದಾಗ ಬಟ್ಟೆ ಹರಿದಿತ್ತು, ತೋಳಿನಲ್ಲಿ ರಕ್ತ. 1911ರಲ್ಲಿ ಲೀಡ್ಸ್‌ನಲ್ಲಿ ಒಂದು ಬ್ರೂವರಿಯವರು ಹಾಲಿನ ಕ್ಯಾನ್‌ಗೆ ನೀರಿನ ಬದಲು ಬಿಯರ್ ತುಂಬುವ ಸವಾಲು ಹಾಕಿದರು. ಹುಡಿನಿ ಕುಡಿಯುವವನಲ್ಲ. ಅದರ ಘಾಟಿಗೇ ತಲೆ ತಿರುಗಿತು. ಸಹಾಯಕ ಎಳೆದು ಹೊರಗೆ ಹಾಕಬೇಕಾಯ್ತು. ಸಹಾಯಕ ಇದ್ದ, ಅದಕ್ಕೇ ಹುಡಿನಿ ಉಳಿದ.

ಈಗ ಈ ಕಥೆಯ ಕಷ್ಟದ ಭಾಗಕ್ಕೆ ಬರ್ತೀನಿ.

ಹುಡಿನಿಯನ್ನು ನೋಡಿ ಕಲಿತವರು, ಅವನ ಕಥೆ ಕೇಳಿ ಬೆಳೆದವರು ಲೆಕ್ಕವಿಲ್ಲದಷ್ಟು. ಅವರಿಗೆಲ್ಲಾ ತಲುಪಿದ್ದು ಯಾವ ಕಥೆ? ಮಂಜುಗಡ್ಡೆ ಇರುವ, ಹಗ್ಗ ಇಲ್ಲದ ಕಥೆ. 1930ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೆನೆಸ್ಟಾ ಅನ್ನುವ ಜಾದೂಗಾರ ಅದೇ ಹಾಲಿನ ಕ್ಯಾನ್ ಆಟ ಆಡಲು ಹೋಗಿ ಸತ್ತ. ಕ್ಯಾನ್ ಒಂದು ಕಡೆ ನೆಗ್ಗಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೋ ಬರಸ್ ಅನ್ನುವವನು, ಹುಡಿನಿ ಸತ್ತ ದಿನವಾದ ಅಕ್ಟೋಬರ್ 31ರಂದೇ, ಶವಪೆಟ್ಟಿಗೆಯಲ್ಲಿ ಹೂತು ಹೊರಬರುವ ಪ್ರದರ್ಶನ ಇಟ್ಟುಕೊಂಡ. ಮಣ್ಣು ಮತ್ತು ಹಸಿ ಕಾಂಕ್ರೀಟಿನ ಭಾರಕ್ಕೆ ಪೆಟ್ಟಿಗೆ ಕುಸಿದು ಒಳಗೇ ಪ್ರಾಣ ಹೋಯಿತು.

ಮೂರನೆಯದು ನಮ್ಮ ದೇಶದ್ದೇ. ಕೋಲ್ಕತ್ತಾದ ಚಂಚಲ್ ಲಾಹಿರಿ, ವೇದಿಕೆಯ ಹೆಸರು ಜಾದೂಗಾರ್ ಮ್ಯಾಂಡ್ರೇಕ್. ಇಪ್ಪತ್ತೊಂದು ವರ್ಷದ ಹಿಂದೆ ಇದೇ ಹೂಗ್ಲಿ ನದಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಂದ ಬಿಡಿಸಿಕೊಂಡು ಬಂದಿದ್ದೆ ಅಂತ ಅವರು ಸುದ್ದಿಗಾರರಿಗೆ ಹೇಳಿದ್ದರು. 2013ರಲ್ಲಿ ಮತ್ತೆ ಹೂಗ್ಲಿಗೆ ಇಳಿದರು, ಈ ಸಲ ಒಂದು ಪಂಜರದಲ್ಲಿ. ಹೊರಬಂದರು. ಆದರೆ ಅವರು ಪಂಜರದ ಬಾಗಿಲಿನಿಂದ ಜಾರಿಕೊಂಡದ್ದು ದಡದಲ್ಲಿದ್ದವರಿಗೆ ಕಂಡುಬಿಟ್ಟಿತು. ಜನ ಮೋಸ ಅಂತ ಕೂಗಿದರು, ಅವರ ಮೇಲೆ ಕೈಯನ್ನೂ ಮಾಡಿದರು.

2019ರ ಜೂನ್ 16. ಹೌರಾ ಸೇತುವೆಯ ಹತ್ತಿರ, ಮೈಗೆಲ್ಲಾ ಸರಪಳಿ, ಹಗ್ಗ ಬಿಗಿದು ಲಾಹಿರಿ ಅವರನ್ನು ದೋಣಿಯಿಂದ ನದಿಗೆ ಇಳಿಸಿದರು. ದಡದಲ್ಲಿ ಜನ, ಕೈಯಲ್ಲಿ ಫೋನ್. ಅವರು ಮೇಲೆ ಬರಲಿಲ್ಲ. ಮರುದಿನ ಶವ ಸಿಕ್ಕಿತು. ವಯಸ್ಸು ನಲವತ್ತರ ಆಸುಪಾಸು.

ನಾನು 2013 ಮತ್ತು 2019 ಎರಡನ್ನೂ ಪಕ್ಕಪಕ್ಕ ಇಡ್ತೀನಿ, ಅಷ್ಟೇ. ಬದುಕಿ ಬಂದ ದಿನ ಜನ ಬೈದರು, ಯಾಕಂದ್ರೆ ಬಾಗಿಲು ಕಂಡಿತು. ನಾವು ಪ್ರೇಕ್ಷಕರು ಎಂಥಾ ವಿಚಿತ್ರ ಜನ ನೋಡಿ. ಸಾಯಬಾರದು, ಆದರೆ ಸಾಯಬಹುದು ಅಂತ ಅನಿಸಲೇಬೇಕು. ಹಗ್ಗ ಇರಲಿ, ಆದರೆ ನಮ್ಮ ಕಣ್ಣಿಗೆ ಬೀಳಬಾರದು. ಹುಡಿನಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ನೀರಿಗೆ ಹಾರುವಾಗ ಹಗ್ಗ ಕಟ್ಟಿಕೊಂಡ, ಕಥೆ ಹೇಳುವಾಗ ಬಿಚ್ಚಿಟ್ಟ.

ಇದಕ್ಕೆ ಹುಡಿನಿಯೊಬ್ಬನನ್ನೇ ದೂರುವುದೂ ನ್ಯಾಯ ಅಲ್ಲ. ಅವನ ಕೊನೆಯ ವರ್ಷದ ಒಂದು ಘಟನೆ ಹೇಳಿಬಿಡ್ತೀನಿ. 1926ರಲ್ಲಿ ರಹಮಾನ್ ಬೇ ಅನ್ನುವ ಒಬ್ಬ ಫಕೀರ ನ್ಯೂಯಾರ್ಕ್‌ಗೆ ಬಂದು, ಮುಚ್ಚಿದ ಪೆಟ್ಟಿಗೆಯಲ್ಲಿ ಈಜುಕೊಳದ ನೀರೊಳಗೆ ಒಂದು ಗಂಟೆ ಇದ್ದ. ಇದು ಸಮಾಧಿ ಸ್ಥಿತಿಯ ಶಕ್ತಿ ಅಂತ ಪ್ರಚಾರ. ಹುಡಿನಿಗೆ ಇದು ಸರಿ ಕಾಣಲಿಲ್ಲ. ಆಗ ಅವನಿಗೆ 52 ವರ್ಷ. ಆಗಸ್ಟ್ 5ರಂದು ಶೆಲ್ಟನ್ ಹೋಟೆಲಿನ ಈಜುಕೊಳದಲ್ಲಿ ತಾನೂ ಮುಚ್ಚಿದ ಪೆಟ್ಟಿಗೆಯಲ್ಲಿ ಮಲಗಿ ನೀರಿಗಿಳಿದ. 91 ನಿಮಿಷ ಇದ್ದು ಎದ್ದು ಬಂದ. ಬಂದವನು ಏನು ಹೇಳಿದ? ಯಾವ ಶಕ್ತಿಯೂ ಇಲ್ಲ, ಗುಟ್ಟೂ ಇಲ್ಲ. ಗಾಬರಿ ಬೀಳದೆ, ಅಲುಗಾಡದೆ, ಮೆಲ್ಲಗೆ ಚಿಕ್ಕ ಚಿಕ್ಕ ಉಸಿರು ತಗೊಂಡರೆ ಇದ್ದ ಗಾಳಿ ಹೆಚ್ಚು ಹೊತ್ತು ಸಾಲುತ್ತೆ. ಅಮೆರಿಕ ಸರ್ಕಾರದ ಗಣಿ ಇಲಾಖೆಯ ವೈದ್ಯರೊಬ್ಬರಿಗೆ ತನ್ನ ಅನುಭವದ ವಿವರ ಬರೆದು ಕಳಿಸಿದ. ಗಣಿ ಕುಸಿದು ಒಳಗೆ ಸಿಕ್ಕಿಕೊಂಡ ಕಾರ್ಮಿಕರಿಗೆ ಈ ಮಾಹಿತಿ ಉಪಯೋಗಕ್ಕೆ ಬರಲಿ ಅಂತ.

ಜೀವನವಿಡೀ ಹಗ್ಗ ಮುಚ್ಚಿಟ್ಟವನು ಆ ಒಂದು ಸಲ ಹಗ್ಗವನ್ನೇ ಎತ್ತಿ ತೋರಿಸಿದ. ನನಗೆ ಹುಡಿನಿ ತುಂಬಾ ಇಷ್ಟ ಆಗೋದು ಅಲ್ಲಿ.

ಅದಾಗಿ ಮೂರು ತಿಂಗಳೂ ತುಂಬಲಿಲ್ಲ, ಅಕ್ಟೋಬರ್ 31ರಂದು ಅವನು ಸತ್ತ. ಸಿನಿಮಾದಲ್ಲಿ ತೋರಿಸಿದ ಹಾಗೆ ನೀರಿನ ಪೆಟ್ಟಿಗೆಯೊಳಗೆ ಅಲ್ಲ. ಆಸ್ಪತ್ರೆಯ ಮಂಚದ ಮೇಲೆ, ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಸೋಂಕು ಹರಡಿ. ಕೆಲವು ದಿನ ಮುಂಚೆ ಮಾಂಟ್ರಿಯಲ್‌ನಲ್ಲಿ ಒಬ್ಬ ವಿದ್ಯಾರ್ಥಿ ಅವನ ಹೊಟ್ಟೆಗೆ ಗುದ್ದಿದ್ದ. ನೋವಿದ್ದರೂ, 104 ಡಿಗ್ರಿ ಜ್ವರವಿದ್ದರೂ ಶೋ ರದ್ದು ಮಾಡದೆ ವೇದಿಕೆ ಹತ್ತಿದ. ಯಾವ ಊರಿನಲ್ಲಿ ಗೊತ್ತಾ? ಡೆಟ್ರಾಯಿಟ್. ಹಗ್ಗ ಕಟ್ಟಿಕೊಂಡು ಹಾರಿ ಬದುಕಿದ್ದ ಅದೇ ಡೆಟ್ರಾಯಿಟ್. ಟಿಕೆಟ್ ತಗೊಂಡ ಜನ ಕಾಯ್ತಿದ್ದಾರೆ ಅಂತ ಆ ರಾತ್ರಿ ಯಾವ ಹಗ್ಗವೂ ಇಲ್ಲದೆ ಇಳಿದ.

ಇನ್ನು ನಮ್ಮಮ್ಮನ ಪ್ರಶ್ನೆ ಬಾಕಿ ಇದೆಯಲ್ಲ: ಅವನ ತಾಯಿ ಅಲ್ಲಿ ಇರ್ಲಿಲ್ವಾ ಅಂತ. ಅದಕ್ಕೂ ಉತ್ತರ ಸಿಕ್ಕಿತು. 1907ರ ಮೇ ತಿಂಗಳಲ್ಲಿ ರಾಚೆಸ್ಟರ್ ಊರಲ್ಲಿ ಹುಡಿನಿ ಕೋಳ ಹಾಕಿಕೊಂಡು ಸೇತುವೆಯಿಂದ ಹಾರಿದ. ಅದರ ಚಲನಚಿತ್ರ ಇವತ್ತಿಗೂ ಉಳಿದಿದೆ. ಆ ದಿನ ತಾನು ಹಾರಿದ್ದನ್ನು ಅಮ್ಮ ನೋಡಿದಳು ಅಂತ ಅವನು ಡೈರಿಯಲ್ಲಿ ಬರೆದುಕೊಂಡಿದ್ದಾನೆ. ಸಾವಿರಾರು ಜನ ನೋಡಿದ್ದಕ್ಕಿಂತ ಅದೇ ಅವನಿಗೆ ದೊಡ್ಡದಾಗಿತ್ತು. ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗ್ಗ ಕಟ್ಟಿದ್ರಂತಾ?" ಅಂತ ಕೇಳಿದ್ರು. ಡೆಟ್ರಾಯಿಟ್‌ನಲ್ಲಿ ಕಟ್ಟಿದ್ರು ಅಂದೆ. "ಹಂಗಾದ್ರೆ ಅದನ್ನ ಮೊದ್ಲೇ ಹೇಳ್ಬೇಕಿತ್ತು ನೀನು" ಅಂದ್ರು.

ಹೌದು, ಹೇಳಬೇಕಿತ್ತು. ಹಳೇ ರೀಲ್ ತೆಗೆದು ಹಾಕಿದ್ದೀನಿ. ಹೊಸದು ಹಾಕಿದ್ದೀನಿ, ಹಗ್ಗದ ಸಮೇತ. ಹಳೆಯದರ ಹತ್ತರಲ್ಲಿ ಒಂದು ಭಾಗದಷ್ಟು ಜನವೂ ನೋಡಿಲ್ಲ, ನೋಡುವ ಲಕ್ಷಣವೂ ಇಲ್ಲ. ಬಿ.ಕಾಂ ಲೆಕ್ಕದಲ್ಲಿ ಅದು ನಷ್ಟ. ಇರಲಿ, ಆ ನಷ್ಟ ನನ್ನ ಖಾತೆಗೆ ಬರ್ಕೊಳ್ತೀನಿ.

ನಿಮ್ಮ ಹತ್ತಿರ ಒಂದೇ ಕೇಳೋದು. ಯಾರಾದರೂ ರೈಲಿನ ಬಾಗಿಲಲ್ಲಿ ನೇತಾಡೋದು, ಜಲಪಾತದ ತುದಿಯಲ್ಲಿ ನಿಲ್ಲೋದು ನಿಮ್ಮ ಫೋನಿಗೆ ಬಂದರೆ, ಲೈಕ್ ಒತ್ತುವ ಮೊದಲು ಒಂದು ಕ್ಷಣ ಹಗ್ಗ ಎಲ್ಲಿದೆ ಅಂತ ಹುಡುಕಿ. ಕಂಡರೆ ಬೈಬೇಡಿ. ಕಾಣದೆ ಇದ್ದರೆ, ಅದನ್ನು ನೋಡಿ ನಾಳೆ ತಾನೂ ಹಾಗೇ ಮಾಡಲು ಹೊರಡುವ ಹುಡುಗನಿಗೂ ಅದು ಕಂಡಿರಲ್ಲ ಅಂತ ನೆನಪಿಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.